ಹೊಳಿಗೆ ದೀರ್ಘ ಕೊಟ್ಟ ವರ್ಷ

ಮೊನ್ನೆ ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಸಂದಿಯಲ್ಲಿ ಹಾದುಹೋಗುವಾಗ ನೆನೆಹಾಕಿದ ತೊಗಲಿನ ನಾತ ಮೂಗಿಗೆ ಬಡಿಯಿತು. ಜೊತೆಗಿದ್ದ ಗೆಳೆಯ ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡು ಬಿರಬಿರನೆ ಮುಂದೆ ನಡೆದ. ನಾನು ನಿಂತುಬಿಟ್ಟೆ. "ಏನಯ್ಯಾ, ಅತ್ತರಿನ ಅಂಗಡಿ ಮುಂದ ನಿಂತಾಂಗ ನಿಂತೀಯಲ್ಲ!" ಎಂದು ಅವನು ದೂರದಿಂದಲೇ ಕೂಗಿದ. ಅತ್ತರು ನನಗೆ ಇವತ್ತಿನವರೆಗೆ ಏನನ್ನೂ ಕಲಿಸಿಲ್ಲ. ಈ ನಾತ ಕಲಿಸಿದೆ. ಸಿರುಗುಪ್ಪದ ಹೊಳೆದಂಡೆಯಲ್ಲಿ ಅಂಬಿಗರ ಹುಲಿಗೆವ್ವ ಹರಗೋಲಿಗೆ ತೊಗಲು ಹೊಲಿಯುತ್ತ ಕೂತ ಆ ಬೇಸಿಗೆ, ಅದರ ಹಿಂದಿನಿಂದ ಬಂದ ಮಳೆಗಾಲ, ಎರಡೂ ಆ ಸಂದಿಯಲ್ಲಿ ನನ್ನೆದುರಿಗೆ ಬಂದು ನಿಂತವು.

ನಾನು ಆಗ ಬಳ್ಳಾರಿಯ ಸಾಲೆ ಮುಗಿಸಿ, ಅಲ್ಲಿನ ಚರ್ಚಾಕೂಟದಲ್ಲಿ ನಾಲಿಗೆ ಮಸೆದುಕೊಂಡು, ಸಿರುಗುಪ್ಪದ ಕಚೇರಿಗೆ ಗುಮಾಸ್ತನಾಗಿ ಹೊರಟಿದ್ದೆ. ಚರ್ಚಾಕೂಟದಲ್ಲಿ ನಾನು ಕಲಿತ ಮುಖ್ಯ ಪಾಠ ಒಂದೇ: ಎದುರಾಳಿ ತಂದ ಕಾಗದವನ್ನೇ ಅವನ ಮೇಲೆ ತಿರುಗಿಸು, ಅವನು ಬಾಯಿ ತೆಗೆಯಲಾರ. ದಾರಿಯಲ್ಲಿ ಯುಗಾದಿ ಬಂತು. ಕುರುಗೋಡಿನಲ್ಲಿ ಸೋದರಮಾವನ ಮನೆಯಲ್ಲಿ ಇಳಿದೆ. ಮಾವ ಊರವರನ್ನು ಕೂಡಿಸಿಕೊಂಡು ಪಂಚಾಂಗ ಓದುತ್ತಿದ್ದ: ಈ ವರ್ಷದ ಮಳೆಯಲ್ಲಿ ಸಮುದ್ರಕ್ಕೆ ಇಷ್ಟು ಪಾಲು, ಪರ್ವತಕ್ಕೆ ಇಷ್ಟು, ಭೂಮಿಗೆ ಇಷ್ಟು. ನನಗೆ ಸುಮ್ಮನಿರಲು ಆಗಲಿಲ್ಲ.

"ಮಾವಾ, ಸಮುದ್ರದ ಪಾಲು ಅಳೆದವರು ಯಾರು? ಮೀನೇ?"

ಕೂತವರು ನಕ್ಕರು. ಮಾವನೂ ನಕ್ಕ. ಆದರೆ ಸಂಜೆ ಗಾಡಿ ಹತ್ತುವಾಗ ಹೆಗಲ ಮೇಲೆ ಕೈಯಿಟ್ಟು, "ಸಮುದ್ರದ ಪಾಲು ಮೀನಿಗೇ ಬಿಡು, ತಾರ್ಕಿಕ. ಪರ್ವತದ ಪಾಲು ಮಾತ್ರ ಮರೀಬ್ಯಾಡ. ನೀ ಹೊಂಟ ಊರಾಗ ಹರಿಯೋ ನೀರು ಆ ಊರಿಂದಲ್ಲ" ಎಂದ. ಮುದುಕರ ಮಾತಿನ ವರಸೆ ಎಂದುಕೊಂಡು ನಾನು ಅದನ್ನು ಕುರುಗೋಡಿನ ಗುಡ್ಡಗಳ ಹತ್ತಿರವೇ ಬಿಟ್ಟು ಬಂದೆ.

ಸಿರುಗುಪ್ಪದಲ್ಲಿ ನನಗೆ ಕೊಟ್ಟ ಕೆಲಸ ಎರಡು. ಕಚೇರಿಯ ಅಂಗಳದಲ್ಲಿ ಹೂತಿಟ್ಟ ಸೀಸೆಯಲ್ಲಿ ಬಿದ್ದ ಮಳೆಯನ್ನು ದಿನಾ ಮುಂಜಾನೆ ಅಳೆದು ಬರೆಯುವುದು. ಹೊಳೆಯಲ್ಲಿ ನಿಲ್ಲಿಸಿದ ಗೀಟಿನ ಕಲ್ಲು ನೋಡಿ ನೀರಿನ ಮಟ್ಟ ಬರೆಯುವುದು. ಮಳೆ ಬೀಳದ ದಿನವೂ ಸೀಸೆ ತೆಗೆದು ನೋಡಿ ಸೊನ್ನೆ ಬರೆಯಬೇಕಿತ್ತು. ಊರಲ್ಲಿ ನನಗೆ 'ಸೀಸೆ ಗುಮಾಸ್ತ' ಎಂದು ಹೆಸರು ಬಿದ್ದದ್ದು ಒಂದೇ ವಾರದಲ್ಲಿ.

ಅದೇ ಹೊತ್ತಿಗೆ ಮೇಲಿನಿಂದ ಒಂದು ಕಾಗದ ಬಂತು. ಶ್ರಾವಣದಲ್ಲಿ ಹೊಳೆ ದಂಡೆ ಮೀರುವುದೋ ಇಲ್ಲವೋ ಎಂಬುದನ್ನು ಎರಡು ತಿಂಗಳು ಮೊದಲೇ ತಿಳಿಯುವ ಗುರುತು ಯಾವುದಾದರೂ ನಿಮ್ಮ ಸೀಮೆಯಲ್ಲಿ ಉಂಟೇ? ಇದ್ದರೆ ಆಧಾರಸಹಿತ ತಿಳಿಸತಕ್ಕದ್ದು. ನಮ್ಮ ಸಾಹೇಬರು ಅದನ್ನು ನನ್ನ ಮುಂದೆ ಹಾಕಿ, "ನಿನಗೆ ವಾದದ ಚಟ ಅದಲ್ಲ. ಇದಕ್ಕ ಉತ್ತರ ಬರಿ" ಎಂದರು.

ನಾನು ಉತ್ಸಾಹದಿಂದ ಕೂತೆ. ಹಳೆಯ ಮಳೆಯ ಪುಸ್ತಕಗಳನ್ನೂ ಹೊಳೆಯ ಪುಸ್ತಕಗಳನ್ನೂ ಪಕ್ಕಪಕ್ಕಕ್ಕೆ ಇಟ್ಟು ತಾಳೆ ನೋಡಿದೆ. ಸೀಸೆ ತುಂಬಿದ ವರ್ಷ ಹೊಳೆ ಬಡವಾಗಿತ್ತು. ಸೀಸೆ ಒಣಗಿದ ವರ್ಷ ಹೊಳೆ ಗದ್ದೆಗೆ ನುಗ್ಗಿತ್ತು. ಒಂದಕ್ಕೊಂದು ಸಂಬಂಧವೇ ಇಲ್ಲ. ಹೊಳೆಯನ್ನು ಮೊದಲೇ ತಿಳಿಯುವುದು ಮನುಷ್ಯನಿಂದ ಆಗದ ಮಾತು ಎಂದು ಬರೆದು ಮುಗಿಸಬೇಕೆಂದಿದ್ದೆ. ಆಗ ಕಚೇರಿಯ ಜವಾನ, "ಅಂಬಿಗರ ಹುಲಿಗೆವ್ವನ ಕೇಳ್ರಿ. ಆಕಿ ಮನ್ಯಾಗ ಕಡತ ಐತಿ. ಪ್ರತಿ ವರ್ಷ ಸಣ್ಣ ಹರಗೋಲು ಕಟ್ಟಬೇಕೋ ದೊಡ್ಡದು ಕಟ್ಟಬೇಕೋ ಅಂತ ಆಕಿ ಗಂಡ ಮೊದಲ ಹೇಳ್ತಿದ್ದ" ಎಂದ.

ಹುಲಿಗೆವ್ವನ ಹಟ್ಟಿ ಹೊಳೆಯ ಏರಿಯ ಮೇಲಿತ್ತು. ಹಳೆಯ ಹರಗೋಲಿನ ಬಿದಿರಿನ ಬುಟ್ಟಿಯನ್ನು ಕವುಚಿ ಹಾಕಿ, ಅದರ ಬೆನ್ನಿಗೆ ಹಸಿ ತೊಗಲು ಎಳೆದು ಹೊಲಿಯುತ್ತ ಕೂತಿದ್ದಳು. ಅರವತ್ತರ ಹೆಂಗಸು, ತೋಳು ಮಾತ್ರ ಕುಸ್ತಿ ಆಡುವವರ ತೋಳು.

"ಬರ್ರಿ ಗುಮಾಸ್ತರ. ಸೀಸೆ ತರಲಿಲ್ಲೇನು?"

"ಸೀಸೆ ಬಿಡವ್ವಾ. ನಿನ್ನ ಗಂಡನ ಕಡತ ನೋಡಬೇಕಾಗಿತ್ತು."

ಅವಳು ಕೈ ಒರೆಸಿಕೊಂಡು ಒಳಗೆ ಹೋಗಿ, ಅರಿವೆಯಲ್ಲಿ ಸುತ್ತಿದ್ದ ಕಡತ ತಂದಳು. ಮಸಿ ಹಚ್ಚಿ ಗಟ್ಟಿ ಮಾಡಿ ಮಡಿಕೆ ಹಾಕಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಸಾಲುಗಳು. ಅವಳ ಗಂಡ ನಾಗಪ್ಪ ಸಣ್ಣವನಿದ್ದಾಗ ಹಲಕುಂದಿಯ ಮಠದಲ್ಲಿ ಎರಡು ವರ್ಷ ಇದ್ದು ಅಕ್ಷರ ಕಲಿತಿದ್ದನಂತೆ. ತೀರಿಕೊಂಡು ಮೂರು ವರ್ಷವಾಗಿತ್ತು. "ನನಗ ಓದಾಕ ಬರಾಂಗಿಲ್ಲ. ಜ್ವಾಕಿ ರೀ. ಮುಟ್ಟಿದ್ರ ಅಳಿಸಿಹೋಗತೈತಿ" ಎಂದಳು.

ಕಚೇರಿಗೆ ಒಯ್ದು, ಮೇಜಿನ ಮೇಲೆ ಬಿಡಿಸಿ, ಮನಸ್ಸಿನಲ್ಲೇ ಓದಿಕೊಂಡೆ. ಸಾಲೆ ಕಲಿತವರು ಹಾಗೇ ಓದುತ್ತಾರಲ್ಲ, ತುಟಿ ಅಲುಗಿಸದೆ. ಒಂದೊಂದು ಸಂವತ್ಸರಕ್ಕೆ ಒಂದೊಂದು ಸಾಲು. ನಾಗಪ್ಪನಿಗೆ ದೀರ್ಘ ಹಾಕುವ ಅಭ್ಯಾಸವೇ ಇರಲಿಲ್ಲ. 'ದೋಣಿ' ಎನ್ನುವುದಕ್ಕೆ 'ದೊಣಿ', 'ಸೋತೆ' ಎನ್ನುವುದಕ್ಕೆ 'ಸೊತೆ'. ನಾನು ಓದುತ್ತ ಓದುತ್ತ ಪಂತೋಜಿಯ ಹಾಗೆ ತಿದ್ದಿಕೊಳ್ಳುತ್ತ ಹೋದೆ. ಬಹುಪಾಲು ಸಾಲುಗಳು ಎರಡೇ ಬಗೆಯವು. 'ಹೊಳಿ ಮುಂದ. ದೊಡ್ಡದು.' 'ಹೊಳಿ ಹಿಂದ. ಸಣ್ಣದು.' ಅಲ್ಲಿಯೂ ಧಾರಾಳವಾಗಿ ದೀರ್ಘ ಕೊಟ್ಟೆ. ಹೋಳಿ ಹಬ್ಬಕ್ಕಿಂತ ಮುಂಚೆ ಕಟ್ಟಿದ ಹರಗೋಲು ದೊಡ್ಡದು. ಹೋಳಿ ಕಳೆದ ಮೇಲೆ ಕಟ್ಟಿದ್ದು ಸಣ್ಣದು. ಅಲ್ಲಲ್ಲಿ ಕೊನೆಗೆ 'ನಾ ಸೊತೆ' ಎಂದಿತ್ತು. ಕಾಮನ ಹಬ್ಬದಲ್ಲಿ ಪಗಡೆ ಆಡಿ ಸೋತಿರಬೇಕು, ಪಾಪ! ಬಳ್ಳಾರಿಯಲ್ಲಿ ಹೊಳೆ ಇಲ್ಲ, ಹೋಳಿ ಉಂಟು. ಅಲ್ಲಿ ಹುಟ್ಟಿ ಬೆಳೆದ ನನಗೆ ಆ ಅಕ್ಷರಗಳಲ್ಲಿ ಹಬ್ಬವೇ ಕಂಡಿತು.

ಇಷ್ಟೇ ಆಗಿದ್ದರೆ ನನ್ನ ಜಾಣತನ ಒಂದು ಕಾಗದದೊಳಗೆ ಮುಗಿದುಹೋಗುತ್ತಿತ್ತು. ಮೃಗಶಿರ ಮಳೆ ಹುಟ್ಟಿ ನಾಲ್ಕು ದಿನಕ್ಕೆ ಹೊಳೆಯಲ್ಲಿ ಕೆಂಪು ಹೊಸ ನೀರು ಕಾಣಿಸಿತು. ಹುಲಿಗೆವ್ವ ಆ ವರ್ಷ ದೊಡ್ಡ ಹರಗೋಲು ಕಟ್ಟುತ್ತಿದ್ದಾಳೆ ಎಂಬ ಸುದ್ದಿ ಹೊಳೆದಂಡೆಯ ಊರು ಕರೂರಿಗೆ ಮುಟ್ಟಿ ಅಲ್ಲಿ ಜಗಳವೆದ್ದಿತು. ನಮ್ಮ ಸಾಹೇಬರು, "ಹೋಗಿ ತಿಳಿಸಿ ಹೇಳಿ ಬಾ" ಎಂದು ನನ್ನನ್ನು ಕಳಿಸಿದರು.

ಕರೂರಿನ ಜಗಳ ಹಗೇವುಗಳದ್ದು. ನೆಲದೊಳಗೆ ಅಗೆದು, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿದ ಹಗೇವು ಗಾಳಿಯಾಡದೆ ವರ್ಷಗಟ್ಟಲೆ ಕಾಳು ಕಾಯುತ್ತದೆ. ಕೆಲವು ವರ್ಷಗಳಿಂದ ಹೊಳೆ ದಂಡೆ ಮೀರಿರಲಿಲ್ಲವಾದ್ದರಿಂದ ಊರವರು ಕಣಗಳ ಪಕ್ಕದ ತಗ್ಗಿನಲ್ಲೇ ಅಗೆದಿದ್ದರು. ಒಳಗಿದ್ದದ್ದು ಹಿಂಗಾರಿಗೆ ಬಿತ್ತುವ ಬೀಜ. ಅದೂ ಎಂಥ ಬೀಜ! ದೊಡ್ಡ ಬರದಲ್ಲಿ ಕರೂರಿನವರು ಬೀಜದ ಜೋಳವನ್ನೂ ಕುದಿಸಿ ಉಂಡಿದ್ದರು. ಆಮೇಲೆ ಊರ ಗೌಡ ಬಸನಗೌಡ ತಾನೇ ಬರಿ ಚೀಲ ಹೊತ್ತು ಕುರುಗೋಡಿಗೆ ಹೋಗಿ, ಮನೆಮನೆಗೆ ನಿಂತು ಬೊಗಸೆ ಬೊಗಸೆ ಬೇಡಿ ತಂದು, ಬಿತ್ತಿ ಬೆಳೆದು ಉಳಿಸಿದ ತಳಿ ಅದು. ಹೊಳೆ ಬಂದರೆ ಹಗೇವಿಗೆ ನೀರಿಳಿದು ಅಷ್ಟೂ ಕೊಳೆತುಹೋಗುತ್ತದೆ. ಬಾರದೆ ಇದ್ದರೆ, ಸುಮ್ಮನೆ ಬಾಯಿ ತೆರೆದ ಹಗೇವಿನ ಬೀಜಕ್ಕೆ ನುಸಿ ಬೀಳುತ್ತದೆ. ಮುಂಗಾರಿನ ಬಿತ್ತನೆಗೆ ಹೊರಡಬೇಕಾದ ಎತ್ತುಗಳು ಜೋಳ ಹೇರುತ್ತ ಕಾಲ ಕಳೆಯುತ್ತವೆ. ಎರಡೂ ಕಡೆ ನಷ್ಟ. ತೆರೆಯೋಣ ಎನ್ನುವವರು ಅರ್ಧ, ಬೇಡ ಎನ್ನುವವರು ಅರ್ಧ.

ಬೇವಿನ ಕಟ್ಟೆಯ ಮೇಲೆ ನಾನು ಎದ್ದು ನಿಂತೆ. ಆ ದಿನದಷ್ಟು ಚೆನ್ನಾಗಿ ನಾನು ಚರ್ಚಾಕೂಟದಲ್ಲಿಯೂ ಮಾತಾಡಿರಲಿಲ್ಲ. ಮಳೆಯ ಪುಸ್ತಕ, ಹೊಳೆಯ ಪುಸ್ತಕ ಎರಡನ್ನೂ ಎತ್ತಿ ತೋರಿಸಿದೆ. ಕೊನೆಗೆ ಕಡತ ಬಿಚ್ಚಿದೆ.

"ನೀವು ನಂಬಿದ ಅಂಬಿಗನ ಕಡತ ಇದೇ. ಇದರಾಗ ಪ್ರವಾಹದ ಒಂದು ಅಕ್ಷರ ಇಲ್ಲ. ಹಬ್ಬಕ್ಕ ಮುಂಚೆ ಎಂಥ ಹರಗೋಲು ಕಟ್ಟಿದ, ಹಬ್ಬದ ಮ್ಯಾಲ ಎಂಥದು ಕಟ್ಟಿದ, ಪಗಡ್ಯಾಗ ಯಾವಾಗ ಸೋತ, ಇಷ್ಟೇ ಅದ. ಇದನ್ನ ನಂಬಿ ಬೀಜ ಬಯಲಿಗೆ ಹಾಕ್ತೀರೇನು?"

ಬಸನಗೌಡ ಮೀಸೆ ಸವರಿ, "ಬರದದ್ದ ಹಾಂಗಿದ್ರ ಮತ್ತೇನು ಮಾತೈತಿ? ಹಗೇವು ಮುಟ್ಟೂದು ಬ್ಯಾಡ" ಎಂದ. ಗೆದ್ದೆ. ಗೆದ್ದ ಸೊಕ್ಕಿನಲ್ಲಿ ಗಾಡಿ ಹತ್ತಿದೆ.

ಮರುದಿನ ಮುಂಜಾನೆ ಕಡತ ಹಿಂದಿರುಗಿಸಲು ಹೊಳೆಗೆ ಹೋದೆ. ಹುಲಿಗೆವ್ವ ದೊಡ್ಡ ಹರಗೋಲಿನ ಕೊನೆಯ ಹೊಲಿಗೆಯಲ್ಲಿದ್ದಳು. ತಮಾಷೆಗೆ ಕೇಳಿದೆ:

"ಏನವ್ವಾ, ಹೋಳಿ ಕಳೆದು ಮೂರು ತಿಂಗಳಾತು. ನಿನ್ನ ಗಂಡನ ಲೆಕ್ಕದಾಗ ಹೋಳಿ ಹಿಂದ ಕಟ್ಟಿದ್ದು ಸಣ್ಣದಿರಬೇಕಲ್ಲ? ನೀ ದೊಡ್ಡದು ಕಟ್ಟಿಯಲ್ಲ!"

ಅವಳು ದಬ್ಬಣ ನಿಲ್ಲಿಸಿದಳು. "ಯಾವ ಹೋಳಿ?"

"ಹೋಳಿ ಹಬ್ಬ. ಕಡತದಾಗ ಬರದಾನಲ್ಲ. ಹೋಳಿ ಮುಂದ ದೊಡ್ಡದು, ಹೋಳಿ ಹಿಂದ ಸಣ್ಣದು."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಪಕ್ಕದಲ್ಲಿ ಹರಿಯುವ ನೀರನ್ನು ಬೊಗಸೆಯಲ್ಲಿ ತೆಗೆದು ನನ್ನ ಕಾಲ ಮೇಲೆ ಚೆಲ್ಲಿದಳು.

"ಇದು ಹೊಳಿ ರೀ ನಮ್ಮಪ್ಪಾ! ಹೊಳಿ! ಹರಗೋಲಿಗೂ ಕಾಮಣ್ಣಗೂ ಏನು ಬೀಗತನ? ಮಿರಗದೊಳಗ ಹೊಸ ನೀರು ಬಂತಂದ್ರ ಹೊಳಿ ಮುಂದ. ಆರಿದ್ರಿ ಹತ್ತಿದ ಮ್ಯಾಲ ಬಂತಂದ್ರ ಹೊಳಿ ಹಿಂದ. ಮುಂದ ಬಂದ ವರ್ಷ ಮ್ಯಾಲಿನ ಗುಡ್ಡದಾಗ ಮಳಿ ಬಿರುಸು ಹಿಡದೈತಿ ಅಂತ ತಿಳಕೋಬೇಕು, ಶ್ರಾವಣಕ್ಕ ಹೊಳಿ ದೊಡ್ಡದಾಗತೈತಿ. ಹಿಂದ ಬಂದ್ರ ಸಣ್ಣದು. ಹೊಳಿ ನೋಡಿ ಹರಗೋಲು. ಓದಿದಾವ್ರು ನೀವು, ಇಷ್ಟು ತಿಳೀಲಿಲ್ಲೇನು?"

ಕೈಯಲ್ಲಿದ್ದ ಕಡತ ಬಿಚ್ಚಿ, ಮೊದಲ ಸಲ ಬಾಯಿಬಿಟ್ಟು ಓದಿದೆ. ಅವನು ಬರೆದ ಹಾಗೆಯೇ, ದೀರ್ಘವಿಲ್ಲದೆ. ಸಾಲು ಸಾಲಿಗೂ ಹೊಳೆ ಹರಿಯಿತು. ಬಾಯಿಬಿಟ್ಟು ಅವಳ ಮುಂದೆ ಒಂದೇ ಒಂದು ಸಾಲು ಮೊದಲೇ ಓದಿದ್ದರೆ ಕರೂರಿನ ಕಟ್ಟೆಯ ಮೇಲೆ ನಾನು ಆ ಮಾತು ಆಡುತ್ತಲೇ ಇರಲಿಲ್ಲ. ಮಾವ ಹೇಳಿದ ಪರ್ವತದ ಪಾಲು ಎಂದರೇನೆಂಬುದೂ ಆಗ ಹೊಳೆಯಿತು. ನಾನು ನಮ್ಮ ಅಂಗಳದ ಸೀಸೆಯಲ್ಲಿ ಇಣುಕಿ ಇಣುಕಿ ಎಷ್ಟೋ ಹರದಾರಿ ಆಚೆಯ ಗುಡ್ಡದ ನೀರನ್ನು ಹುಡುಕಿದ್ದೆ.

'ನಾ ಸೊತೆ' ಎಂಬ ಸಾಲುಗಳಿಗೆ ಬಂದಾಗ ಮತ್ತೆ ಮನಸ್ಸಿನಲ್ಲೇ ಓದಿಕೊಂಡೆ. 'ಹೊಳಿ ಮುಂದ. ಸಣ್ಣದು. ನಾ ಸೊತೆ.' ಅಂದರೆ ಹೊಸ ನೀರು ಬೇಗ ಬಂದಿತ್ತು, ದೊಡ್ಡ ಹೊಳೆ ಬರುತ್ತದೆಂದು ನಾಗಪ್ಪ ಹೇಳಿದ್ದ, ಬರಲಿಲ್ಲ. ತಪ್ಪಿದ್ದನ್ನು ಅವನು ಅಳಿಸಿರಲಿಲ್ಲ. ನಾನು ಸಂಶಯದ ಮನುಷ್ಯ. ಗೆದ್ದ ಸಾಲುಗಳು ಎಷ್ಟಿದ್ದರೂ ನನ್ನನ್ನು ಒಪ್ಪಿಸುತ್ತಿರಲಿಲ್ಲ. ಗೆದ್ದದ್ದನ್ನು ನೆನೆಯುವುದು, ಸೋತದ್ದನ್ನು ಮರೆಯುವುದು ಎಲ್ಲ ಜೋಯಿಸರೂ ಬಲ್ಲರು. ನನ್ನನ್ನು ಒಪ್ಪಿಸಿದ್ದು ಆ ಸೋತ ಸಾಲುಗಳು. ಅವು ಕೆಲವೇ ಇದ್ದವು, ಆದರೆ ಇದ್ದವು.

"ಈ ಕಡತ ಇನ್ನಷ್ಟು ದಿನ ನನ್ನ ಹತ್ರ ಇರಲವ್ವಾ" ಎಂದವನೇ ಬಾಡಿಗೆ ಗಾಡಿ ಹಿಡಿದು ಕರೂರಿಗೆ ಹೊರಟೆ. ದಾರಿಯುದ್ದಕ್ಕೂ ನನ್ನದೇ ಮಾತುಗಳು ಎದುರು ನಿಂತವು. ಅಷ್ಟು ಚೆನ್ನಾಗಿ ಏಕೆ ಮಾತಾಡಿದೆನೋ ಅನ್ನಿಸಿತು.

ಕಟ್ಟೆಯ ಮೇಲೆ ಜನ ಕೂಡಿದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಹೋಳಿಯ ಮಾತು ಬಂದಾಗ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಒಬ್ಬ ಮುದುಕ ನಗುತ್ತ ಕೆಮ್ಮು ಹತ್ತಿ ನೀರು ಕುಡಿಯಬೇಕಾಯಿತು. ಬಸನಗೌಡ ನಗಲಿಲ್ಲ.

"ನಿನ್ನೆ ತೆಗೀಬ್ಯಾಡ್ರಿ ಅಂದ್ರಿ, ನೀವ ಗೆದ್ರಿ. ಇವತ್ತು ತೆಗೀರಿ ಅಂತೀರಿ, ಮತ್ತ ನೀವ ಗೆಲ್ಲಾಕ ಹತ್ತೀರಿ. ಹಾಂಗಾದ್ರ ಸೋತಾವ್ರು ಯಾರ್ರಿ?"

"ನಾನೇ ಗೌಡ್ರ. ನಿನ್ನೆ ಗೆದ್ದವನ ಮಾತು ಇವತ್ತು ಕೇಳಬ್ಯಾಡ್ರಿ. ಕಡತದ ಮಾತು ಕೇಳ್ರಿ."

ಪೂರ್ತಿ ಓದಿದೆ. ತಪ್ಪಿದ ವರ್ಷಗಳನ್ನೂ ಓದಿದೆ. ಗೌಡ ಕೈಯೆತ್ತಿ ತಡೆದ. "ತಪ್ಪಿದ್ದು ಯಾಕ ಓದ್ತೀರಿ? ಮಂದಿ ಹೆದರತೈತಿ."

"ಈ ವರ್ಷನೂ ತಪ್ಪಬಹುದು ಗೌಡ್ರ. ಬಂದೇ ಬರ್ತದ ಅಂತ ನಾ ಹೇಳಾಂಗಿಲ್ಲ. ಬರೋದು ಹೆಚ್ಚು, ಬಾರದ್ದು ಕಡಿಮಿ, ಅಷ್ಟೇ ಹೇಳ್ತೀನಿ. ನುಸಿ ಬಿದ್ದ ಬೀಜಾನ ಆರಿಸಿ ಬಿತ್ತಬಹುದು. ನೀರು ಕುಡದ ಬೀಜ ಆರಿಸಾಕ ಬರ್ತದೇನು?"

ಗೌಡ ಕಣದ ಕಡೆ ನೋಡಿದ. ಕುರುಗೋಡಿನ ಆ ಬರಿ ಚೀಲ ಅವನ ಕಣ್ಣಿಗೆ ಕಟ್ಟಿರಬೇಕು. "ಇನ್ನೊಮ್ಮೆ ಬೇಡಾಕ ಹೋಗೂದು ನನ್ನಿಂದ ಆಗಾಂಗಿಲ್ಲ" ಎಂದು ಎದ್ದ. "ಸಲಿಕಿ ತರ್ರಿ."

ಹಗೇವಿನ ಬಾಯಿ ತೆರೆದಾಗ ಬರುವ ಆ ಬಿಸಿ, ಹುಳಿ, ಉಸಿರುಗಟ್ಟಿಸುವ ವಾಸನೆಯನ್ನು ಕಂಡವರೇ ಬಲ್ಲರು. ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಯಾರೂ ಇಳಿಯುವಂತಿಲ್ಲ. ದೀಪ ಇಳಿಬಿಟ್ಟು, ಅದು ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಊರಿನ ಗಂಡಸರು ಇಳಿದರು. ನಾನು ಧೋತರ ಕಚ್ಚೆ ಬಿಗಿದು ಬುಟ್ಟಿ ಹೊತ್ತೆ. ಹೆಂಗಸರು ಜೋಳವನ್ನು ಬಿಸಿಲಿಗೆ ಹರವಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ದಿಬ್ಬದ ಮೇಲಿನ ಕಲ್ಲಿನ ಗುಡಿಯಲ್ಲಿ ಗುಡಾಣಗಳಿಗೆ ತುಂಬಿದರು. ಒಂದು ವಾರಕ್ಕಿಂತ ಹೆಚ್ಚು ಹಿಡಿಯಿತು. ಅಷ್ಟು ದಿನ ಮುಂಗಾರಿನ ಬಿತ್ತನೆ ತಡವಾಯಿತು.

ಆಮೇಲಿನ ದಿನಗಳೇ ಕಠಿಣ. ಆರಿದ್ರೆಯ ಮಳೆ ಕಳೆಯಿತು, ಪುನರ್ವಸು ಕಳೆಯಿತು. ಹೊಳೆ ಸಾಧುವಾಗಿ ದಂಡೆಯೊಳಗೆ ಹರಿಯಿತು. ಗುಡಾಣಗಳಲ್ಲಿ ನುಸಿ ಕಾಣಿಸಿತೆಂದು ಸುದ್ದಿ ಬಂತು. ಸಿರುಗುಪ್ಪದ ಪೇಟೆಯಲ್ಲಿ 'ಸೀಸೆ ಗುಮಾಸ್ತ' ಹೋಗಿ 'ಹೋಳಿ ಗುಮಾಸ್ತ' ಆಗಿದ್ದೆ. ಸಂತೆಗೆ ಬಂದ ಕರೂರಿನವನೊಬ್ಬ, "ಏನ್ರಿ, ಈ ಸಲ ಯಾವ ಹಬ್ಬಕ್ಕ ನೀರು ಬರತೈತಿ? ದೀಪಾವಳಿಗೋ?" ಎಂದ. ಜೀವನದಲ್ಲಿ ಮೊದಲ ಸಲ ನಾನು ಎದುರುತ್ತರ ಹುಡುಕಲಿಲ್ಲ. ದಿನಾ ಮುಂಜಾನೆ ಗೀಟಿನ ಕಲ್ಲಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಹುಲಿಗೆವ್ವ ತನ್ನ ದೊಡ್ಡ ಹರಗೋಲಿನಲ್ಲಿ ನಾಲ್ಕೇ ಜನರನ್ನು ದಾಟಿಸುತ್ತ, "ತಡೀರಿ. ಗುಡ್ಡ ದೂರ ಐತಿ" ಎನ್ನುತ್ತಿದ್ದಳು.

ಪುಷ್ಯದ ಮಳೆ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ಆಕಾಶ ತೊಳೆದಿಟ್ಟ ಹಾಗಿತ್ತು. ಸೀಸೆಯಲ್ಲಿ ಹನಿಯಿಲ್ಲ, ಸೊನ್ನೆ ಬರೆದು ಹೊಳೆಗೆ ಹೋದೆ. ಗೀಟಿನ ಕಲ್ಲು ಕಾಣಲಿಲ್ಲ. ಎಲ್ಲಿ ನಿಂತೆನೆಂದು ಒಂದು ಗಳಿಗೆ ನನಗೇ ತಿಳಿಯಲಿಲ್ಲ. ಬಿಸಿಲು ಬಿದ್ದ ಕೆಂಪು ನೀರು, ಸದ್ದೇ ಇಲ್ಲದೆ, ಒಂದೇ ಸಮನೆ ಮೇಲೇರುತ್ತಿತ್ತು. ಎಲ್ಲಿಯೋ ಬೇರು ಕಿತ್ತ ಮರಗಳು ಎಲೆ ಸಮೇತ ತೇಲಿ ಹೋದವು. ನಮ್ಮ ಸೀಮೆಯಲ್ಲಿ ಬೆಳೆಯುವ ಮರಗಳಲ್ಲ ಅವು. ಮೂರು ದಿನ ಹೊಳೆ ಹಾಗೆಯೇ ನಿಂತಿತು. ಹುಲಿಗೆವ್ವನ ದೊಡ್ಡ ಹರಗೋಲಿನಲ್ಲಿ ನಾನು ಕರೂರಿಗೆ ಹೋದೆ. ಕಣಗಳ ಮೇಲೆ ಎದೆಮಟ್ಟದ ನೀರು. ತೆರೆದಿಟ್ಟ ಖಾಲಿ ಹಗೇವುಗಳ ಮೇಲೆ ನೀರು ಸುಳಿ ತಿರುಗುತ್ತಿತ್ತು. ದಿಬ್ಬದ ಗುಡಿಯ ಮೆಟ್ಟಿಲ ಮೇಲೆ ಬಸನಗೌಡ ಕೂತಿದ್ದ. ನನ್ನನ್ನು ಕಂಡು ಪಕ್ಕದ ಗುಡಾಣದೊಳಗೆ ಕೈಹಾಕಿ, ಬೂದಿ ಮೆತ್ತಿದ ಒಂದು ಬೊಗಸೆ ಜೋಳ ತೆಗೆದು ನನ್ನ ಉತ್ತರೀಯದ ಸೆರಗಿಗೆ ಹಾಕಿ ಗಂಟು ಕಟ್ಟಿದ. ನುಸಿ ಹತ್ತಿದ ಕಾಳು ಅದರಲ್ಲಿ ಬೇಕಾದಷ್ಟಿದ್ದವು. ಉಳಿದವನ್ನು ಆ ಹಿಂಗಾರಿಗೆ ಬಿತ್ತಿದರು, ಬೆಳೆಯಿತು.

ಒಂದು ವರ್ಷದ ಗೆಲುವು ರುಜುವಾತಲ್ಲ ಎಂದು ನಾನು ಇಂದಿಗೂ ವಾದಿಸುತ್ತೇನೆ. ಮೇಲಿನ ಕಾಗದಕ್ಕೆ ಕೊಟ್ಟ ಉತ್ತರದಲ್ಲಿಯೂ ಅದನ್ನೇ ಬರೆದೆ: ಮೇಲಿನಿಂದ ಕೆಳಗಿನ ತನಕ ಹೊಳೆಯ ಪ್ರತಿ ಊರಿನಲ್ಲಿ ಹೊಸ ನೀರು ಬಂದ ದಿನವನ್ನು ಬರೆದಿಡಬೇಕು, ಶ್ರಾವಣ ಹೇಗಿರುತ್ತದೆಂದು ಮೊದಲೇ ಹೇಳಿ ಅದನ್ನೂ ಬರೆದಿಡಬೇಕು, ತಪ್ಪಿದರೆ ಅಳಿಸಬಾರದು. ಈ ಮೂರರಲ್ಲಿ ಒಂದೂ ನನ್ನ ಬುದ್ಧಿಯಿಂದ ಬಂದದ್ದಲ್ಲ.

ನೀರು ಇಳಿದ ಮೇಲೆ ಕಡತ ಕೊಡಲು ಹೋದೆ. ಹುಲಿಗೆವ್ವ ತೆಗೆದುಕೊಳ್ಳಲಿಲ್ಲ. "ಮೊದಲಿಂದ ಓದ್ರಿ. ಅವತ್ತು ಅವಸರದಾಗ ಓದಿದ್ರಿ" ಎಂದಳು. ಏರಿಯ ಮೇಲೆ ಕೂತು, ಹೊಳಿಗೆ ನಾನು ದೀರ್ಘ ಕೊಟ್ಟು ಕೆಟ್ಟದ್ದನ್ನು ಅವಳಿಗೆ ಬಿಡಿಸಿ ಹೇಳಿ, ಗಟ್ಟಿಯಾಗಿ ಓದಿದೆ. ಅವಳು ಕಣ್ಣುಮುಚ್ಚಿ ಕೇಳಿದಳು. 'ನಾ ಸೊತೆ' ಬಂದಾಗ ಕಣ್ಣು ತೆರೆದಳು.

"ಹಾಂಗ ಬರದಾನ?"

"ಬರದಾನವ್ವಾ. ಒಂದಲ್ಲ, ನಾಕಾರು ಕಡೆ."

"ನಲವತ್ತು ವರ್ಷ ಬಾಳೇವು ಮಾಡೇನ್ರಿ. ಒಂದು ದಿನ ನನ್ನ ಮುಂದ ಸೋತೆ ಅಂದಾವಲ್ಲ! ಕಡತದಾಗ ಮುಚ್ಚಿಟ್ಟಿದ್ದ ನೋಡ್ರಿ, ಕಳ್ಳ." ನಗುತ್ತಿದ್ದಳು. ಕಣ್ಣು ಒರೆಸಿಕೊಳ್ಳುತ್ತಲೂ ಇದ್ದಳು. "ಅದೊಂದು ಸಾಲು ಮತ್ತೊಮ್ಮೆ ಓದ್ರಿ."

ಓದಿದೆ. ಆಮೇಲೆ ಅವಳು ಗೂಡಿನಿಂದ ಬಳಪದ ತುಂಡು ತಂದು ಕೊಟ್ಟು, "ಈ ವರ್ಷದ್ದು ಬರದು ಕೊಡ್ರಿ. ಅವ ಬರದಾಂಗ" ಎಂದಳು. ಸಂವತ್ಸರದ ಹೆಸರು ಬರೆದು, 'ಹೊಳಿ ಮುಂದ. ದೊಡ್ಡದು' ಎಂದು ಬರೆದೆ. ಬಳಪ ಕೆಳಗಿಡಲಿಲ್ಲ.

"ಆತಲ್ಲ, ಮತ್ತೇನು ಬರಿಯಾಕ ಹತ್ತೀರಿ?"

"ಕರೂರಿನ ಕಟ್ಟಿ ಮ್ಯಾಲ ಮೊದಲ ದಿನ ಆದದ್ದು. 'ನಾ ಸೋತೆ' ಅಂತ."

ಅವಳು ಬಗ್ಗಿ, ಓದಲು ಬಾರದ ಆ ಅಕ್ಷರಗಳನ್ನು ಒಂದೊಂದಾಗಿ ನೋಡಿದಳು.

"ದೀರ್ಘ ಹಾಕೀರೇನು?"

"ಹಾಕೀನವ್ವಾ."

"ಅಲ್ಲಿ ಇರಲಿ," ಎಂದಳು. "ಹೊಳಿಗೆ ಮಾತ್ರ ಬ್ಯಾಡ."